ಕನ್ಸೋಲ್ ಲೈನಪ್ ಬಗ್ಗೆ ವಾದ ಬಂದಾಗ ನಾನು ಲೆಕ್ಕ ಹಾಕುವ ರೀತಿ

ಕನ್ಸೋಲ್‌ಗೆ, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರಕ್ಕೆ, ಮುಂದೆ ಬರುವ ಗೇಮ್‌ಗಳ ಸಾಲು (ಲೈನಪ್) ಎಷ್ಟು ಗಟ್ಟಿ ಅಂತ ಮಾತು ಬಂದರೆ ಗೆಳೆಯರು ಮೊದಲು ಉದ್ದದ ಪಟ್ಟಿ ಹಿಡಿಯುತ್ತಾರೆ. ನಾನು ಪೆನ್ನು ಹಿಡಿದು ಅದರಲ್ಲಿ ಹೆಸರು ಹೊಡೆದು ಹಾಕುತ್ತಾ ಹೋಗುತ್ತೇನೆ, ಉಳಿದವಕ್ಕೆ ಅಂಕ ಕೊಡುತ್ತೇನೆ.

ಮೊದಲು ಹೋಗುವುದು ಬರೀ ಲೋಗೋ ತೋರಿಸಿದವು. ನಿಂಟೆಂಡೊ ಕಂಪನಿ 'ಮೆಟ್ರಾಯ್ಡ್ ಪ್ರೈಮ್ 4' ಹೆಸರು ಹೇಳಿದ್ದು 2017ರಲ್ಲಿ. 2019ರಲ್ಲಿ ಕೆಲಸವನ್ನೇ ಮೊದಲಿಂದ ಶುರು ಮಾಡಿದರು. ಕೈಗೆ ಬಂದಿದ್ದು 2025ರ ಡಿಸೆಂಬರ್‌ನಲ್ಲಿ. ಆಟ ಆಡಿ ತೋರಿಸಿದರೂ ನಾನು ಪೂರ್ತಿ ನಂಬಲ್ಲ. ಮೈಕ್ರೋಸಾಫ್ಟ್ ಕನ್ಸೋಲ್ ಎಕ್ಸ್‌ಬಾಕ್ಸ್‌ನ 'ಸ್ಕೇಲ್‌ಬೌಂಡ್' ಅನ್ನು ವೇದಿಕೆ ಮೇಲೆ ಆಡಿಯೇ ತೋರಿಸಿದ್ದರು, 2017ರ ಜನವರಿಯಲ್ಲಿ ಅದು ರದ್ದಾಯಿತು.

ಆಮೇಲೆ ಕೇಳುವುದು, ಇದು ಈ ಕನ್ಸೋಲ್‌ನಲ್ಲಿ ಮಾತ್ರ ಸಿಗುತ್ತಾ? 'ಗಾಡ್ ಆಫ್ ವಾರ್ ರಾಗ್ನರಾಕ್' ಅದ್ಭುತ ಗೇಮ್, ಸರಿ. ಆದರೆ ಸೋನಿಯ ಹಳೆಯ ಕನ್ಸೋಲ್ ಪ್ಲೇಸ್ಟೇಷನ್ 4, ಅಂದರೆ ಪಿಎಸ್4ನಲ್ಲೂ ಬಂತಲ್ವಾ? ಅದಕ್ಕೋಸ್ಕರ ಅದರ ನಂತರದ ಪಿಎಸ್5 ತಗೋ ಅಂತ ಹೇಗೆ ಹೇಳಲಿ? ನಿಂಟೆಂಡೊ ಸ್ವಿಚ್ ಕನ್ಸೋಲ್‌ನ ಜೆಲ್ಡಾ ಗೇಮ್ 'ಬ್ರೆತ್ ಆಫ್ ದ ವೈಲ್ಡ್' ಕೂಡ ಅದರ ಹಿಂದಿನ ಕನ್ಸೋಲ್ ವೀ ಯುನಲ್ಲಿ ಬಂದಿತ್ತು ಅಂತ ಯಾರಾದರೂ ತಿರುಗಿ ಹೊಡೆಯುತ್ತಾರೆ. ನಿಜ. ಆದರೆ ವೀ ಯು ಇದ್ದವರೇ ಕಮ್ಮಿ, ಹಾಗಾಗಿ ಅದನ್ನು ಸ್ವಿಚ್ ಖಾತೆಗೇ ಹಾಕುತ್ತೇನೆ.

ನನಗೆ ಎಲ್ಲಕ್ಕಿಂತ ಮುಖ್ಯ ಕ್ಯಾಲೆಂಡರ್. ತಿಂಗಳ ಹೆಸರು ಸಾಲಾಗಿ ಬರೆದು, ದಿನಾಂಕ ಹೇಳಿರುವ ಗೇಮ್ ಮಾತ್ರ ಎದುರಿಗೆ ಬರೆಯುತ್ತೇನೆ. 2017ರ ಸ್ವಿಚ್ ನೋಡಿ. ಮಾರ್ಚ್‌ನಲ್ಲಿ ಬಿಡುಗಡೆಯಾದ ದಿನ ಜೆಲ್ಡಾ ಬಿಟ್ಟರೆ ದೊಡ್ಡ ಹೆಸರು ಇರಲೇ ಇಲ್ಲ. ಆದರೆ ಏಪ್ರಿಲ್‌ಗೆ 'ಮಾರಿಯೋ ಕಾರ್ಟ್ 8 ಡಿಲಕ್ಸ್', ಜೂನ್‌ಗೆ 'ಆರ್ಮ್ಸ್', ಜುಲೈಗೆ 'ಸ್ಪ್ಲಟೂನ್ 2', ಅಕ್ಟೋಬರ್‌ಗೆ 'ಸೂಪರ್ ಮಾರಿಯೋ ಒಡಿಸ್ಸಿ', ಡಿಸೆಂಬರ್‌ಗೆ 'ಜೀನೋಬ್ಲೇಡ್ ಕ್ರಾನಿಕಲ್ಸ್ 2'. ಒಂದು ಮುಗಿಸುವಷ್ಟರಲ್ಲಿ ಇನ್ನೊಂದು. ಎಲ್ಲವನ್ನೂ ಒಂದೇ ನವೆಂಬರ್‌ಗೆ ತುರುಕಿದ ಪಟ್ಟಿಗಿಂತ ನನಗೆ ಇದೇ ಜಾಸ್ತಿ ಗಟ್ಟಿ.

ಹಳೆಯ ಗೇಮ್ ಹೊಳಪು ಮಾಡಿ ತಂದರೆ ಅರ್ಧ ಅಂಕ. ಜಗಳ ಜಾಸ್ತಿ ಆಗುವುದು ಇಲ್ಲೇ. ವೀ ಯುನಿಂದ ಬಂದ ಆ ಮಾರಿಯೋ ಕಾರ್ಟೇ ಸ್ವಿಚ್‌ನಲ್ಲಿ ಅತಿ ಹೆಚ್ಚು ಮಾರಾಟವಾದ ಗೇಮ್. ಆದರೂ ನಾನು ಅಂಕ ಏರಿಸಲ್ಲ. ಎಷ್ಟು ಮಾರಾಟವಾಯಿತು ಅನ್ನೋದು ಬೇರೆ ಮಾತು, ಮೊದಲೇ ಆಡಿ ಮುಗಿಸಿದವನಿಗೆ ಹೊಸದೇನು ಸಿಕ್ಕಿತು ಅನ್ನೋದು ಬೇರೆ ಮಾತು.

ದಿನಾಂಕ ಕೂಡ ಜಾರುತ್ತದೆ. 'ಹೇಲೋ ಇನ್ಫಿನಿಟ್' 2020ರಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಜೊತೆಗೇ ಬರಬೇಕಿತ್ತು, ಒಂದು ವರ್ಷ ಮುಂದೆ ಹೋಯಿತು. ಅದಕ್ಕೇ ಲೆಕ್ಕ ಮುಗಿದ ಮೇಲೆ ಅತಿ ದೊಡ್ಡ ಹೆಸರನ್ನು ಸುಮ್ನೆ ಬೆರಳಿಂದ ಮುಚ್ಚಿ, ಉಳಿದವುಗಳಲ್ಲಿ ಯಾವುದನ್ನು ಆಡ್ತೀಯಾ ಅಂತ ಎದುರಿಗಿದ್ದವನನ್ನು ಕೇಳುತ್ತೇನೆ.