ಕ್ಯಾರವಾನಿನಲ್ಲಿ ಕಡಲ ಬದಿ ಹೊರಟ ದಂಪತಿಗೆ

ಗಂಡ ಹೆಂಡತಿ ಇಬ್ಬರೇ ಕ್ಯಾರವಾನಿನಲ್ಲಿ ಕಾಸರಗೋಡಿನ ಕಡಲ ಬದಿ ಸುತ್ತುತ್ತೇವೆ ಅನ್ನುವವರು ಮೊದಲು ಕೇಳುವುದು ಎಲ್ಲೆಲ್ಲಿ ಹೋಗಬೇಕು ಅಂತ. ಜಾಗದ ಮಾತು ಆಮೇಲೆ ಇರಲಿ. ಮೊದಲು ಗಾಡಿಯೊಳಗೆ ಒಣಗಿದ್ದು ಒಣಗಿಯೇ ಇರುವ ಹಾಗೆ ನೋಡಿಕೊಳ್ಳಿ. ಇಲ್ಲಿಯ ಗಾಳಿಯಲ್ಲಿ ಉಪ್ಪೂ ಇದೆ, ತೇವವೂ ಇದೆ. ಎರಡು ದಿನ ಲಕ್ಷ್ಯ ಇಡದಿದ್ದರೆ ಹಾಸಿಗೆ ಅಂಟಂಟು, ಬೈರಾಸಿಗೆ (ಟವಲಿಗೆ) ಮುಗ್ಗಲು ವಾಸನೆ, ಅವಲಕ್ಕಿ ಮೆತ್ತಗೆ. ಹಾಗಾದ ಮೇಲೆ ಕಡಲು ಎಷ್ಟು ಚಂದ ಇದ್ದರೂ ಮನೆಗೆ ಹೋಗೋಣ ಅನಿಸಿಬಿಡುತ್ತದೆ.

ಕಡಲಿಗಿಳಿದು ಬಂದ ಬಟ್ಟೆಯನ್ನು ಹಾಗೇ ಹಿಂಡಿ ಒಣಹಾಕಬೇಡಿ. ಬಿಸಿಲಿಗೆ ಗರಿಗರಿ ಆಗುತ್ತದೆ, ಸಂಜೆ ಮುಟ್ಟಿದರೆ ಮತ್ತೆ ತೇವ. ನೂಲಿನಲ್ಲಿ ಕೂತ ಉಪ್ಪು ಗಾಳಿಯ ನೀರನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಅರ್ಧ ಬಕೆಟ್ ಸಿಹಿನೀರಿನಲ್ಲಿ ಒಮ್ಮೆ ಜಾಲಾಡಿಸಿ ಹಾಕಿ, ಸಾಕು. ಆ ನೀರನ್ನು ಸುಮ್ನೆ ಚೆಲ್ಲಬೇಡಿ. ಬಾಗಿಲ ಹೊರಗೆ ಅಗಲದ ಬೇಸಿನ್‌ನಲ್ಲಿಟ್ಟರೆ ಕಾಲಿನ ಹೊಯಿಗೆ (ಮರಳು) ತೊಳೆಯಲು ಆಗುತ್ತದೆ. ಪಕ್ಕದಲ್ಲೊಂದು ತೆಂಗಿನ ನಾರಿನ ಕಾಲೊರಸು ಇರಲಿ. ಹೊಯಿಗೆ ಒಮ್ಮೆ ಒಳಗೆ ಬಂತೆಂದರೆ ಹಾಸಿಗೆ, ಸಿಂಕಿನ ಪೈಪು, ಬಾಗಿಲ ಸಂದು ಎಲ್ಲ ಕಡೆ ಸೇರಿಕೊಳ್ಳುತ್ತದೆ. ಊರಿಗೆ ಮರಳಿದ ಮೇಲೆ ಗಾಡಿಯ ಅಡಿಭಾಗವನ್ನೂ ಸಿಹಿನೀರಿನಲ್ಲಿ ತೊಳೆಸಿ. ತುಕ್ಕು ಶುರುವಾಗುವುದು ಅಲ್ಲಿಂದಲೇ.

ಕಿಟಕಿಯ ವಿಷಯ. ಹಗಲು ನೆಲ ಬೇಗ ಕಾಯುತ್ತದೆ, ಗಾಳಿ ಕಡಲಿಂದ ಬರುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ತಿರುಗಿ ಕಡಲ ಕಡೆ ಹೋಗುತ್ತದೆ. ಹಾಗಾಗಿ ಮಲಗುವಾಗ ಪಡುಬದಿಯ ಕಿಟಕಿ ಮುಚ್ಚಿ, ಮೂಡುಬದಿಯದ್ದನ್ನು ಸೊಳ್ಳೆಪರದೆ ಎಳೆದು ತೆರೆದಿಡಿ. ಉಪ್ಪಿನ ಅಂಟು ಕಡಿಮೆಯಾಗುತ್ತದೆ.

ಅಡುಗೆಗೆ ತುರಿದ ಕಾಯಿ ಒಯ್ಯಬೇಡಿ, ಬಿಸಿ ಗಾಡಿಯಲ್ಲಿ ಮಧ್ಯಾಹ್ನಕ್ಕೇ ಹುಳಿ ವಾಸನೆ ಬರುತ್ತದೆ. ಜುಟ್ಟು ಬಿಟ್ಟು ಸುಲಿದ ಇಡೀ ಕಾಯಿ ಇಟ್ಟುಕೊಳ್ಳಿ, ಬೇಕಾದಾಗ ಒಡೆಯಿರಿ. ಒಡೆದು ಉಳಿದ ಕಡಿಗೆ ಒಳಗೆ ಉಪ್ಪು ಸವರಿದರೆ ಮರುದಿನಕ್ಕೆ ಬರುತ್ತದೆ. ಕಾಯಿಯೇ ಬೇಡದ ಅಡುಗೆ ಅಂದರೆ ಪುನರ್ಪುಳಿ (ಕೋಕಂ) ಸಾರು, ಗಾಡಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಏಳೆಂಟು ಒಣಸಿಪ್ಪೆ ಅರ್ಧ ಗಂಟೆ ನೀರಿನಲ್ಲಿ ನೆನೆಯಲಿ. ಅದೇ ನೀರಿಗೆ ಉಪ್ಪು, ಒಂದು ತುಂಡು ಬೆಲ್ಲ, ಸೀಳಿದ ಹಸಿಮೆಣಸು ಹಾಕಿ ಒಂದು ಕುದಿ ಬರಿಸಿ. ತುಪ್ಪದಲ್ಲಿ ಜೀರಿಗೆ, ಬೆಳ್ಳುಳ್ಳಿ, ಕರಿಬೇವಿನ ಸೊಪ್ಪಿನ ಒಗ್ಗರಣೆ. ಸ್ಟೀಲ್ ಪಾತ್ರೆಯಲ್ಲೇ ಮಾಡಿ, ಹುಳಿಗೆ ಅಲ್ಯೂಮಿನಿಯಂ ಆಗದು. ಬಿಸಿಲಲ್ಲಿ ನಡೆದು ಬಂದಾಗ ಅದನ್ನೇ ತಣ್ಣಗೆ ಲೋಟಕ್ಕೆ ಬಗ್ಗಿಸಿ ಕುಡಿಯಬಹುದು.

ಕುಚ್ಚಲಕ್ಕಿಗೆ ಗ್ಯಾಸ್ ಜಾಸ್ತಿ ಬೇಕು ಅಂತ ಅದನ್ನು ಮನೆಯಲ್ಲೇ ಬಿಡಬೇಡಿ. ರಾತ್ರಿ ನೆನೆಹಾಕಿ. ಬೆಳಗ್ಗೆ ಕುಕ್ಕರಿನಲ್ಲಿ ಧಾರಾಳ ನೀರಿಟ್ಟು ನಾಲ್ಕೈದು ಕೂಗು ಬಂದ ಮೇಲೆ ಒಲೆ ಆರಿಸಿ, ಕುಕ್ಕರನ್ನು ಹಳೆ ಕಂಬಳಿಯಲ್ಲಿ ಸುತ್ತಿಡಿ. ನೀವಿಬ್ಬರೂ ಕಡಲ ಬದಿ ನಡೆದು ಬರುವಷ್ಟರಲ್ಲಿ ಒಳಗಿನ ಬಿಸಿಗೇ ಅಕ್ಕಿ ಬಿರಿದಿರುತ್ತದೆ. ಮಿಡಿ ಉಪ್ಪಿನಕಾಯಿ ಇದ್ದರೆ ಗಂಜಿಗೆ ಇನ್ನೇನು ಬೇಕು?

ಇನ್ನು ಹೇಳುವುದನ್ನು ದಯಮಾಡಿ ಮರೆಯಬೇಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲಿನ ಕಿಟಕಿಯಿಂದ ಹೋಗುವುದಿಲ್ಲ, ನೆಲಕ್ಕಿಳಿದು ಮಂಚದಡಿ ನಿಲ್ಲುತ್ತದೆ. ಅದಕ್ಕೇ ಸಿಲಿಂಡರಿನ ಕಪಾಟಿಗೆ ನೆಲಮಟ್ಟದಲ್ಲಿ ಗಾಳಿಕಂಡಿ ಇಟ್ಟಿರುತ್ತಾರೆ. ಹೊಯಿಗೆ ಬರುತ್ತದೆ ಅಂತ ಅದಕ್ಕೆ ಬಟ್ಟೆ ತುರುಕಬೇಡಿ. ಗಾಡಿ ಹೊರಡುವ ಮೊದಲು, ಮಲಗುವ ಮೊದಲು ರೆಗ್ಯುಲೇಟರ್ ಆಫ್. ಎಸಿ ಬೇಕು ಅಂತ ಎಂಜಿನ್ನೋ ಜನರೇಟರೋ ಓಡಿಸಿಕೊಂಡು ನಿದ್ದೆ ಮಾಡಲೇಬಾರದು. 2024ರ ಡಿಸೆಂಬರಿನಲ್ಲಿ ಇದೇ ಕರಾವಳಿಯ ವಡಗರದಲ್ಲಿ ರಸ್ತೆ ಬದಿ ನಿಲ್ಲಿಸಿದ ಕ್ಯಾರವಾನಿನೊಳಗೆ ಇಬ್ಬರು ತೀರಿಕೊಂಡರು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿತ್ತು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದನ್ನು ಹಿಡಿದು ಕೂಗುವ ಅಲಾರಂ ಸಿಗುತ್ತದೆ. ಪರದೆ, ದಿಂಬು ಕೊಳ್ಳುವ ಮೊದಲು ಅದನ್ನು ತನ್ನಿ.

ದಾರಿ ದೊಡ್ಡದೇನಲ್ಲ. ಕರ್ನಾಟಕದ ಗಡಿಯ ತಲಪಾಡಿಯಿಂದ ತೆಂಕಿನ ನೀಲೇಶ್ವರಕ್ಕೆ ನೂರು ಕಿಲೋಮೀಟರೂ ಇಲ್ಲ. ಹಾಗಾಗಿ ಅವಸರ ಮಾಡಬೇಡಿ. ಬೆಳಗ್ಗೆ ಒಂದು ಗಂಟೆ ಓಡಿಸಿ, ಹತ್ತರೊಳಗೆ ನಿಲ್ಲಿಸಿಬಿಡಿ. ಕಾಸರಗೋಡು ಪೇಟೆ ದಾಟಿದ ಮೇಲೆ ಹೆದ್ದಾರಿ ಚೆರ್ಕಳ, ಪೆರಿಯ ಅಂತ ಒಳನಾಡಿಗೆ ತಿರುಗುತ್ತದೆ. ಕಡಲ ಬದಿಯೇ ಬೇಕಾದವರು ಅದನ್ನು ಬಿಟ್ಟು ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮದ ದಾರಿ ಹಿಡಿಯಿರಿ, ಅದು ಬೇಕಲಕ್ಕೆ ಒಯ್ಯುತ್ತದೆ. ಬೇಕಲ ಕೋಟೆಗೆ ನಾಲ್ಕು ಗಂಟೆಯ ಮೇಲೆ ಹೋಗಿ, ಮಧ್ಯಾಹ್ನ ಆ ಮುರಕಲ್ಲು (ಜಂಬಿಟ್ಟಿಗೆ) ಕಾದಿರುತ್ತದೆ, ನೆರಳೂ ಕಡಿಮೆ. ಕುಂಬಳೆ ಹತ್ತಿರದ ಅನಂತಪುರ, ಕಾಸರಗೋಡು ಪೇಟೆ ಹತ್ತಿರದ ಮಧೂರು ದೇವಸ್ಥಾನಗಳಿಗೆ ಹೋಗುವವರು ಒಂದು ಪಂಚೆ ಕೈಗೆ ಸಿಗುವಲ್ಲಿಟ್ಟುಕೊಳ್ಳಿ.

ನಮ್ಮ ಕಡೆ ರೈಲು ಹಳಿ ಕಡಲಿಗೂ ಹೆದ್ದಾರಿಗೂ ನಡುವೆ ಇದೆ. ಕಡಲಿಗೆ ಹೋಗಬೇಕಾದರೆ ಹಳಿ ದಾಟಲೇಬೇಕು, ಕೆಲವು ಕಡೆ ಸೇತುವೆಯಡಿ ತೀರಾ ತಗ್ಗು. ಗಾಡಿಯ ಎತ್ತರವನ್ನು, ಮೇಲಿನ ಎಸಿ, ಸೋಲಾರ್ ಎಲ್ಲ ಸೇರಿಸಿ ಅಳೆದು, ಚೀಟಿಯಲ್ಲಿ ಬರೆದು ಸ್ಟೇರಿಂಗ್ ಎದುರು ಅಂಟಿಸಿ. ಸಂಶಯ ಬಂದರೆ ಒಬ್ಬರು ಇಳಿದು ನೋಡಬೇಕು, ಇನ್ನೊಬ್ಬರು ಅವರ ಮಾತು ಕೇಳಬೇಕು. ನಿಲ್ಲಿಸುವಾಗ ಹೊಯಿಗೆಗೆ ಇಳಿಸದೆ ಮುರಕಲ್ಲಿನ ಗಟ್ಟಿ ನೆಲ ನೋಡಿ. ತೆಂಗಿನ ಮರದ ಬುಡ ಬೇಡ. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಅನುಮತಿ ಕೇಳಿ. ಕನ್ನಡ, ತುಳು, ಮಲಯಾಳ, ಯಾವುದರಲ್ಲಿ ಕೇಳಿದರೂ ಆಗುತ್ತದೆ, ಬಾವಿ ನೀರೂ ಸಿಗುತ್ತದೆ. ಚಕ್ರ ಹೂತರೆ ಎಕ್ಸಿಲರೇಟರ್ ಒತ್ತಬೇಡಿ, ಇನ್ನೂ ಆಳಕ್ಕೆ ಹೋಗುತ್ತದೆ. ಎದುರಿನ ಹೊಯಿಗೆ ಕೈಯಲ್ಲಿ ಬಗೆದು, ತೆಂಗಿನ ಒಣ ಮಡಲು (ಗರಿ) ಹಾಸಿ, ಟಯರಿನ ಗಾಳಿ ಸ್ವಲ್ಪ ಇಳಿಸಿ ಮೆಲ್ಲಗೆ ಹತ್ತಿಸಿ. ರಸ್ತೆಗೆ ಬಂದ ಕೂಡಲೇ ಹತ್ತಿರದ ಪಂಪಿನಲ್ಲಿ ಗಾಳಿ ತುಂಬಿಸಿ.