ಹಳೆಯ ಸಂಸ್ಥಾನದ ಗಡಿ ಹಿಡಿದು ಊರುಗಳ ಏಳಿಗೆಯನ್ನು ಹೋಲಿಸುವ ಬಗೆ

ಇಂದಿನ ಬಡತನಕ್ಕೆ ಹಿಂದಿನ ಆಡಳಿತ ಎಷ್ಟರ ಮಟ್ಟಿಗೆ ಕಾರಣ ಎಂದು ಅರಿಯಬಯಸುವ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಧಾರವಾಡದ ಸುತ್ತಲಿನಷ್ಟು ಅನುಕೂಲವಾದ ಸೀಮೆ ಸಿಗುವುದು ಅಪರೂಪ. ಪೇಶ್ವೆ ಆಡಳಿತ 1818ರಲ್ಲಿ ಮುಗಿದ ಮೇಲೆ ಹುಬ್ಬಳ್ಳಿ ಇಂಗ್ರೇಜರ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಕುಂದಗೋಳ ಜಮಖಂಡಿ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗಲಿಯಲ್ಲಿ, ಸವಣೂರು ನವಾಬರ ಕೈಯಲ್ಲಿ ಸ್ವಾತಂತ್ರ್ಯದವರೆಗೂ ಉಳಿದವು.

ಮೊದಲು ಪ್ರಶ್ನೆಯನ್ನು ಕಿರಿದಾಗಿಸಿಕೊಳ್ಳಬೇಕು. ಕುಂದಗೋಳದ ಹಳೆಯ ಗಡಿಯ ಆಚೆ ಈಚೆ ಇರುವ ಹಳ್ಳಿಗಳಲ್ಲಿ 1961ರ ಜನಗಣತಿಯ ಹೊತ್ತಿಗೆ ಸಾಕ್ಷರತೆ ಎಷ್ಟಿತ್ತು ಎಂಬಷ್ಟು ಸಾಕು.

ಹಳ್ಳಿಗಳ ಆಯ್ಕೆಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಇಂಗ್ರೇಜರು ಫಲವತ್ತಾದ ಸೀಮೆಗಳನ್ನೇ ಆರಿಸಿ ವಶಪಡಿಸಿಕೊಂಡಿದ್ದರಿಂದ ಸುಮ್ಮನೆ ಹೋಲಿಸಿದರೆ ಮಣ್ಣಿನ ಗುಣ ಆಡಳಿತದ ಗುಣವಾಗಿ ಕಾಣುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞೆ ಲಕ್ಷ್ಮಿ ಅಯ್ಯರ್ ತೋರಿಸಿದ್ದಾರೆ. ವಾರಸುದಾರರಿಲ್ಲದೆ ಅರಸರು ತೀರಿಕೊಂಡ ಕಾರಣಕ್ಕೆ, ಅಂದರೆ ಮಣ್ಣು ನೋಡಿ ಆರಿಸದೆ, ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಇಂಗ್ರೇಜರ ವಶವಾದ ಸಂಸ್ಥಾನಗಳನ್ನು ಆಧಾರವಾಗಿಟ್ಟುಕೊಂಡು ನೋಡಿದಾಗ, ನೇರ ಆಡಳಿತವಿದ್ದ ಕಡೆಗಳಲ್ಲಿಯೇ ಶಾಲೆ, ಆರೋಗ್ಯ ಕೇಂದ್ರ, ರಸ್ತೆಗಳು ಕಡಿಮೆ ಎಂದು ಅವರಿಗೆ ಕಂಡುಬಂತು. ಆದ್ದರಿಂದ ಎರೆ (ಕಪ್ಪು ಮಣ್ಣಿನ) ಹೊಲದ ಹಳ್ಳಿಯನ್ನು ಎರೆ ಹೊಲದ ಹಳ್ಳಿಯೊಂದಿಗೇ ಹೋಲಿಸಬೇಕು, ಮಸಾರಿಯನ್ನು (ಕೆಂಪು ಮಣ್ಣಿನದನ್ನು) ಮಸಾರಿಯೊಂದಿಗೆ. 1961ರ ನಂತರದ ಗಣತಿಗಳನ್ನೂ ನೋಡುವುದಾದರೆ, ನವಲಗುಂದ, ನರಗುಂದದ ಕಡೆ ಮಲಪ್ರಭಾ ಕಾಲುವೆಯ ನೀರು ಬಂದ ಹಳ್ಳಿಗಳನ್ನು ನಾನಾದರೆ ಕೈಬಿಡುವೆ; ಅಲ್ಲಿ 1970ರ ದಶಕದ ಅಣೆಕಟ್ಟಿನ ಫಲ ಯಾವುದು, ಹಳೆಯ ಆಡಳಿತದ ಫಲ ಯಾವುದು ಎಂದು ಬೇರ್ಪಡಿಸುವುದು ಕಷ್ಟ.

ದಾಖಲೆಗೆ 1884ರ ಧಾರವಾಡ ಗೆಜೆಟಿಯರ್ ಮತ್ತು ಕಂದಾಯ ಸರ್ವೆ ವರದಿಗಳಿಂದ ತೊಡಗಬಹುದು. ಸಂಸ್ಥಾನಗಳ ಹಳೆಯ ಕಾಗದಗಳು ಬಹುಮಟ್ಟಿಗೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿರುವುದರಿಂದ ಅದನ್ನು ಓದಬಲ್ಲವರನ್ನು ಮೊದಲೇ ಹುಡುಕಿಕೊಳ್ಳುವುದು ಒಳ್ಳೆಯದು. ಊರಿಗೆ ಹೋದಾಗ “ಅಜ್ಜಾರ, ಸಂಸ್ಥಾನ ಇದ್ದಾಗ ನಿಮ್ಮೂರಾಗ ಕಂದಾಯ ಯಾರು ವಸೂಲಿ ಮಾಡ್ತಿದ್ರು?” ಎಂದು ಕೇಳಬೇಕು, “ಆಗ ಹೆಂಗಿತ್ರಿ?” ಎಂದು ಕೇಳಿದರೆ ಬರುವ ಉತ್ತರ ಯಾವ ಕೋಷ್ಟಕಕ್ಕೂ ಹೊಂದುವುದಿಲ್ಲ.

ವ್ಯತ್ಯಾಸ ಕಂಡರೂ ಅದು ಯಾವ ದಾರಿಯಲ್ಲಿ ಇಂದಿನವರೆಗೆ ಬಂತು ಎಂಬುದು ಉಳಿಯುತ್ತದೆ. ಇನಾಮುಗಳು (ಅರಸರು ದತ್ತಿಯಾಗಿ ಕೊಟ್ಟ ಭೂಮಿಗಳು) 1950ರ ದಶಕದಲ್ಲಿ ರದ್ದಾದವು, ಗೇಣಿ ಪದ್ಧತಿ 1974ರ ತಿದ್ದುಪಡಿಯಿಂದ ಮುಗಿಯಿತು. ಕಾನೂನು ಹೋದ ಮೇಲೂ ಉಳಿದದ್ದೇನು? ನನ್ನ ಊಹೆ ಸಾಲದ ಸಂಸ್ಥೆಗಳ ಕಡೆಗಿದೆ. 1904ರ ಸಹಕಾರಿ ಸಾಲ ಸಂಘಗಳ ಕಾಯಿದೆ ಇಂಗ್ರೇಜರ ಆಡಳಿತದ ಪ್ರದೇಶಕ್ಕೆ ಮಾತ್ರ ಅನ್ವಯಿಸುತ್ತಿತ್ತು, ಮರುವರ್ಷವೇ ಅವರ ಆಡಳಿತದಲ್ಲಿದ್ದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಹುಟ್ಟಿತು. ಇದನ್ನು ಪರೀಕ್ಷಿಸಲು ಪ್ರತಿ ಹಳ್ಳಿಯ ಸೊಸೈಟಿಯ ಮುಂದೆ ನಿಂತು, ಫಲಕದಲ್ಲಿ ‘ಸ್ಥಾಪನೆ’ ಎಂಬ ಪದದ ಮುಂದಿರುವ ಇಸವಿಯನ್ನು ಬರೆದುಕೊಳ್ಳಿ. ಬಣ್ಣ ಬಳಿಯುವಾಗ ಅಂಕಿ ತಪ್ಪಿರುವುದೂ ಉಂಟು, ಆದ್ದರಿಂದ ಒಳಗೆ ಹೋಗಿ ನೋಂದಣಿ ಪತ್ರವನ್ನೂ ಕೇಳಿ ನೋಡಿ.