ಓಪನ್‌ಎಂಪಿ ಟಾಸ್ಕ್ ಬಳಸಿ ಮರ್ಜ್ ಸಾರ್ಟ್

ಮರ್ಜ್ ಸಾರ್ಟ್ ಅರೇಯನ್ನು ಎರಡು ಅರ್ಧ ಮಾಡಿ, ಎರಡನ್ನೂ ಸಾರ್ಟ್ ಮಾಡಿ ಒಂದುಗೂಡಿಸುತ್ತದೆ; ಓಪನ್‌ಎಂಪಿ ಸಿ, ಸಿ++ನಂಥ ಭಾಷೆಗಳ ಕೋಡನ್ನು ಹಲವು ಕೋರ್‌ಗಳಲ್ಲಿ ಓಡಿಸುವ ವ್ಯವಸ್ಥೆ. ಅದಕ್ಕೆ ಟಾಸ್ಕ್ (ಬಿಡುವಾದ ಥ್ರೆಡ್ ಎತ್ತಿಕೊಂಡು ಮಾಡುವ ಕೆಲಸದ ತುಂಡು) ಬಂದದ್ದು 2008ರ 3.0 ಆವೃತ್ತಿಯಲ್ಲಿ; ರಿಕರ್ಷನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಇರುವ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಜಿಸಿಸಿ ಕಂಪೈಲರ್‌ಗೆ ಎಫ್‌ಓಪನ್‌ಎಂಪಿ (-fopenmp) ಫ್ಲಾಗ್ ಕೊಡಿ. ಮರೆತರೆ ಕಂಪೈಲರ್ ಪ್ರಾಗ್ಮಾಗಳನ್ನು (ಕೋಡ್‌ನಲ್ಲಿ ಬರೆಯುವ ಓಪನ್‌ಎಂಪಿ ಸೂಚನೆಗಳನ್ನು) ಕಡೆಗಣಿಸುತ್ತದೆ, ಪ್ರೋಗ್ರಾಂ ಒಂದೇ ಕೋರ್‌ನಲ್ಲಿ ಓಡುತ್ತದೆ.

ಸಾರ್ಟ್ ಫಂಕ್ಷನ್ನಿನ ಮೊದಲ ಕರೆಯನ್ನು ಪ್ಯಾರಲಲ್ ಬ್ಲಾಕ್‌ನೊಳಗೆ (ಎಲ್ಲ ಥ್ರೆಡ್‌ಗಳೂ ಓಡಿಸುವ ಭಾಗ) ಸಿಂಗಲ್ (ಒಂದೇ ಥ್ರೆಡ್ ಮಾಡಲಿ ಎಂಬ ಸೂಚನೆ) ಹಾಕಿ ಬರೆಯಿರಿ. ಸಿಂಗಲ್ ಬಿಟ್ಟರೆ ಪ್ರತಿ ಥ್ರೆಡ್ಡೂ ಅದೇ ಅರೇಯನ್ನು ಪೂರ್ತಿ ಸಾರ್ಟ್ ಮಾಡಲು ಹೊರಟು ಡೇಟಾ ಕೆಡುತ್ತದೆ. ಫಂಕ್ಷನ್ ಒಳಗೆ ಎಡ ಅರ್ಧವನ್ನು ಟಾಸ್ಕ್ ಮಾಡಿ, ಬಲ ಅರ್ಧವನ್ನು ಅದೇ ಥ್ರೆಡ್‌ಗೆ ಬಿಡಿ, ಮರ್ಜ್‌ಗೆ ಮುಂಚೆ ಟಾಸ್ಕ್‌ವೇಟ್ (ಟಾಸ್ಕ್ ಮುಗಿಯುವವರೆಗೆ ಕಾಯುವ ಸೂಚನೆ) ಹಾಕಿ.

ವೇಗವೆಲ್ಲ ನಿಂತಿರುವುದು ಕಟ್‌ಆಫ್ ಮೇಲೆ, ಅಂದರೆ ಎಷ್ಟು ಅಂಶಗಳಿಗಿಂತ ಚಿಕ್ಕ ತುಂಡಿಗೆ ಟಾಸ್ಕ್ ಮಾಡಬಾರದು ಎಂಬ ಮಿತಿಯ ಮೇಲೆ. ಟಾಸ್ಕ್ ಹುಟ್ಟಿಸಿ ಸರದಿಗೆ ಸೇರಿಸಲೂ ಸಮಯ ಬೇಕು. 10 ಅಂಶಗಳ ತುಂಡಿಗೂ ಟಾಸ್ಕ್ ಮಾಡಿದರೆ ಸೀರಿಯಲ್ ಕೋಡ್‌ಗಿಂತ ನಿಧಾನವಾಗುತ್ತದೆ. 10,000ದಿಂದ ಶುರುಮಾಡಿ, ಅದನ್ನು ದುಪ್ಪಟ್ಟು, ಅರ್ಧ ಮಾಡುತ್ತಾ ಅಳೆದು ನೋಡಿ.

ಬೇರೆ ಪ್ರೋಗ್ರಾಂನಲ್ಲಿ ಟಾಸ್ಕ್ ಒಂದು ಮೊತ್ತವನ್ನು ಹಿಂದಿರುಗಿಸಬೇಕಿದ್ದರೆ ಆ ಮೊತ್ತ ಇಡುವ ಲೋಕಲ್ ವೇರಿಯಬಲ್ ಅನ್ನು ಷೇರ್ಡ್ ಎಂದು ಬರೆಯಲೇಬೇಕು. ಇಲ್ಲದಿದ್ದರೆ ಟಾಸ್ಕ್ ತನ್ನದೇ ಪ್ರತಿಯಲ್ಲಿ ಬರೆದುಕೊಳ್ಳುತ್ತದೆ, ಉತ್ತರ ಕೈಗೆ ಸಿಗುವುದಿಲ್ಲ.